ಫ್ಯಾಂಟಸಿ ಗೇಮಿಗೆ ಆರ್ಕೆಸ್ಟ್ರಾ ಆಲ್ಬಂ: ಹುಬ್ಬಳ್ಳಿ-ಧಾರವಾಡದಲ್ಲಿ ಕೂತು ಮಾಡುವ ಬಗೆ

ಗೇಮಿನೊಳಗಿನ ಸಂಗೀತ ಬೇರೆ, ಆಲ್ಬಂ ಆಗಿ ಮಾರುವ ಸಂಗೀತ ಬೇರೆ. ಗೇಮಿನಲ್ಲಿ ಕಾಡಿನ ಹಾಡು ಒಂದೂವರೆ ನಿಮಿಷಕ್ಕೆ ಮುಗಿದು ಮತ್ತೆ ಮೊದಲಿಂದ ಶುರುವಾಗುತ್ತದೆ. ಆಟಗಾರ ಅಲ್ಲೇ ಅರ್ಧ ತಾಸು ಅಲೆದಾಡಿದರೂ ಅದು ನಿಲ್ಲುವಂತಿಲ್ಲ. ಶತ್ರು ಕಂಡ ಕೂಡಲೇ ಅದರ ಮೇಲೆ ಡೊಳ್ಳು ಏರಬೇಕು, ಶತ್ರು ಸತ್ತ ಕೂಡಲೇ ಇಳಿಯಬೇಕು. ಆಲ್ಬಂ ಕೇಳುವವರಿಗೋ ಅದೇ ಹಾಡಿಗೆ ಆದಿ ಬೇಕು, ಅಂತ್ಯ ಬೇಕು. ಎರಡನ್ನೂ ಒಂದೇ ಪ್ರಾಜೆಕ್ಟಿನಿಂದ ತೆಗೆಯುವ ಹಾಗೆ ಮೊದಲ ದಿನವೇ ಹಂಚಿಕೆ ಹಾಕಬೇಕು. ಇಲ್ಲದಿದ್ದರೆ ಗೇಮ್ ಬಿಡುಗಡೆಯಾದ ಮೇಲೆ ಆಲ್ಬಮ್ಮಿಗಾಗಿ ಇಡೀ ಕೆಲಸ ಮತ್ತೆ ಮೈಮೇಲೆ ಬರುತ್ತದೆ. ಆ ಹೊತ್ತಿಗೆ ಸಿತಾರ ನುಡಿಸಿದವರು ಊರಲ್ಲಿ ಇರುವುದಿಲ್ಲ, ಪ್ಲಗಿನ್ (ಕಂಪ್ಯೂಟರಿನಲ್ಲಿ ವಾದ್ಯದ ದನಿ ಕೊಡುವ ಸಾಫ್ಟ್‌ವೇರ್) ಲೈಸೆನ್ಸ್ ಮುಗಿದಿರುತ್ತದೆ.

ಸಣ್ಣ ತಂಡದ ಗೇಮಿಗೆ ಬೇಕಾಗುವುದು ಸುಮಾರು ಇಷ್ಟು: ಮೆನುವಿಗೆ ಒಂದು, ಊರಿಗೆ ಒಂದು, ಕಾಡು, ಗುಹೆ, ಕೋಟೆಗೆ ಒಂದೊಂದು, ಸಾಮಾನ್ಯ ಕಾಳಗಕ್ಕೆ ಎರಡು, ದೊಡ್ಡ ಶತ್ರುವಿಗೆ ಒಂದು, ಗೆಲುವು ಸೋಲಿಗೆ 5ರಿಂದ 10 ಸೆಕೆಂಡಿನ ತುಣುಕುಗಳು, ಕೊನೆಯ ಕ್ರೆಡಿಟ್ಸಿಗೆ ಒಂದು. ಇದಕ್ಕೆಲ್ಲ ಎರಡು ಥೀಮ್ ಸಾಕು: ನಾಯಕನದೊಂದು, ನಾಡಿನದೊಂದು. ಐದಾರು ಸ್ವರಗಳಿಗಿಂತ ಉದ್ದ ಬೇಡ. ಉದ್ದವಾದಷ್ಟೂ ಮುರಿದು ಬಳಸುವುದು ಕಷ್ಟ. ಊರಿನ ಹಾಡಿನಲ್ಲಿ ಕೊಳಲು ನುಡಿಸಿದ ಅದೇ ಐದು ಸ್ವರವನ್ನು ಕಾಳಗದಲ್ಲಿ ಹಾರ್ನ್‌ಗಳು ಅರ್ಧ ವೇಗದಲ್ಲಿ ನುಡಿಸಿದರೆ ಆಲ್ಬಂ ತಾನಾಗಿಯೇ ಒಂದು ದಾರಕ್ಕೆ ಬೀಳುತ್ತದೆ. ಹದಿನೈದು ಹಾಡಿಗೆ ಹದಿನೈದು ಥೀಮ್ ಬರೆದರೆ ಕೇಳುವವರಿಗೆ ಒಂದೂ ನೆನಪಿನಲ್ಲಿ ನಿಲ್ಲುವುದಿಲ್ಲ.

ಶ್ರುತಿ, ಲಯ, ರಾಗ

ಇವನ್ನು ವಾದ್ಯಗಾರರನ್ನು ಕೇಳಿಯೇ ನಿಶ್ಚಯಿಸಿ. ಧಾರವಾಡ ಸಿತಾರದ ಊರು, ನುಡಿಸುವವರಿಗೆ ಬರವಿಲ್ಲ. ಆದರೆ ಬಹುತೇಕ ಸಿತಾರಗಳ ಷಡ್ಜ ಹಾರ್ಮೋನಿಯಂ ಕೀಲಿಗಳ ಲೆಕ್ಕದಲ್ಲಿ ಕಪ್ಪು ಒಂದು ಅಥವಾ ಬಿಳಿ ಎರಡರ ಆಸುಪಾಸಿನಲ್ಲಿರುತ್ತದೆ, ಅಂದರೆ ಸಿ ಶಾರ್ಪ್‌ನಿಂದ ಡಿ ವರೆಗೆ. ನೀವು ಎಫ್ ಮೈನರಿನಲ್ಲಿ ಹಾಡು ಬರೆದಿಟ್ಟುಕೊಂಡು ಹೋದರೆ ತಂತಿ ಅಲ್ಲಿಗೆ ಏರುವುದಿಲ್ಲ, ಏರಿಸಿದರೆ ಹರಿಯುತ್ತದೆ. ಬಿಳಿ ಎರಡು, ಅಂದರೆ ಡಿ, ಎಲ್ಲರಿಗೂ ಹೊಂದುವ ಜಾಗ: ಸಿತಾರಕ್ಕೂ ಆಗುತ್ತದೆ, ವಯೊಲಿನ್, ವಿಯೋಲ, ಚೆಲ್ಲೋ ಮೂರರಲ್ಲೂ ಡಿ ತೆರೆದ ತಂತಿಯಾಗಿಯೇ ಇದೆ. ಹಾಡುವವರಾದರೆ ಮೊದಲೇ ಫೋನ್ ಮಾಡಿ ಅವರ ಪಟ್ಟಿ, ಅಂದರೆ ಯಾವ ಕೀಲಿ ಅವರ ಷಡ್ಜ ಎಂದು ಕೇಳಿ. ಗಂಡಸರು ಸಾಮಾನ್ಯವಾಗಿ ಕಪ್ಪು ಒಂದರಿಂದ ಕಪ್ಪು ಎರಡರೊಳಗೆ, ಹೆಂಗಸರು ಕಪ್ಪು ನಾಲ್ಕರಿಂದ ಕಪ್ಪು ಐದರೊಳಗೆ ಹಾಡುತ್ತಾರೆ. ಆರ್ಕೆಸ್ಟ್ರಾ ಇನ್ನೂ ಕಂಪ್ಯೂಟರಿನಲ್ಲಿರುವಾಗ ಶ್ರುತಿ ಬದಲಿಸುವುದು ಒಂದು ನಿಮಿಷದ ಕೆಲಸ. ರೆಕಾರ್ಡ್ ಆದ ಮೇಲೆ ಸಾಫ್ಟ್‌ವೇರಿನಲ್ಲಿ ಎರಡು ಸ್ವರ ಎಳೆದರೆ ಸಿತಾರದ ಜವಾರಿ (ತಂತಿಯ ಝೇಂಕಾರ) ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆ.

ವೇಗಕ್ಕೂ ಒಂದು ಲೆಕ್ಕವಿದೆ. ಗೇಮಿನ ಆಡಿಯೋ 48 ಕಿಲೋಹರ್ಟ್ಸ್ (ಸೆಕೆಂಡಿಗೆ 48,000 ಸ್ಯಾಂಪಲ್, ಅಂದರೆ ಸದ್ದಿನ ಅಳತೆಗಳು), 24 ಬಿಟ್ ಇರಲಿ. ನಿಮಿಷಕ್ಕೆ 90 ಮಾತ್ರೆ ಇಟ್ಟರೆ ಒಂದು ಮಾತ್ರೆಗೆ ಸರಿಯಾಗಿ 32,000 ಸ್ಯಾಂಪಲ್. 80ಕ್ಕೆ 36,000, 96ಕ್ಕೆ 30,000, 120ಕ್ಕೆ 24,000. 84 ಇಟ್ಟರೆ 34,285ರ ಮುಂದೆ ಬಾಲ ಉಳಿಯುತ್ತದೆ. ಆ ಬಾಲವೇ ಲೂಪ್ (ಮುಗಿದು ಮತ್ತೆ ಮೊದಲಿಂದ ಶುರುವಾಗುವ ಸುತ್ತು) ಸೇರುವ ಜಾಗದಲ್ಲಿ ಸಣ್ಣ ಟಿಕ್ ಆಗಬಹುದು, ಅಥವಾ ಲೇಯರುಗಳು (ಒಟ್ಟಿಗೆ ನುಡಿಯುವ ಬಿಡಿ ಪದರಗಳು) ಕೂದಲೆಳೆಯಷ್ಟು ಸರಿದು ಕೂರಬಹುದು. ಸುತ್ತು ಬಳಸಿ ಸರಿಪಡಿಸಬಹುದು, ನಿಜ. ಆದರೆ ವೇಗವನ್ನು ಮೊದಲೇ ಹೊಂದಿಸಿದರೆ ಆ ತಾಪತ್ರಯವೇ ಇಲ್ಲ.

ರಾಗದ ವಿಷಯದಲ್ಲಿ ತುಸು ಎಚ್ಚರ. ಕೀರವಾಣಿ ಪಾಶ್ಚಾತ್ಯರ ಹಾರ್ಮೋನಿಕ್ ಮೈನರಿನದೇ ಸ್ವರಗಳು. ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಜೊತೆ ಜಗಳವಾಡುವುದಿಲ್ಲ. ಚಾರುಕೇಶಿಯೂ ಒಗ್ಗುತ್ತದೆ: ಕೆಳಗಿನರ್ಧ ಬೆಳಕು, ಮೇಲಿನರ್ಧ ನೆರಳು, ಮಾಯಾಲೋಕಕ್ಕೆ ಹೇಳಿ ಮಾಡಿಸಿದ್ದು. ದರ್ಬಾರಿಯನ್ನು ತಂದು ಅದರ ಆಂದೋಲಿತ ಗಾಂಧಾರದ ಕೆಳಗೆ ಮೈನರ್ ಕಾರ್ಡ್ ಒತ್ತಿದರೆ ಮಾತ್ರ ಇಬ್ಬರಲ್ಲಿ ಒಬ್ಬರು ಅಪಸ್ವರ ಎನಿಸುತ್ತಾರೆ, ಪಿಯಾನೋದ ಗಾಂಧಾರ ಅಲುಗುವುದಿಲ್ಲವಲ್ಲ. ಅಂಥ ಕಡೆ ತಂತಿ ವಾದ್ಯಗಳಿಗೆ ಷಡ್ಜ-ಪಂಚಮ ಮಾತ್ರ ಕೊಡಿ, ಗಾಂಧಾರವನ್ನು ಹಾಡುವವರಿಗೆ ಬಿಡಿ. ಕಾಳಗದ ಹಾಡಿಗೆ ರೂಪಕದ ಏಳು ಮಾತ್ರೆ ಒಳ್ಳೆಯದು. ನಮ್ಮ ಕಡೆಯ ತಬಲಾದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಂಪ್ಯೂಟರಿನ ಆರ್ಕೆಸ್ಟ್ರಾ

ರೆಕಾರ್ಡ್ ಮಾಡಿ ಜೋಡಿಸುವ ಸಾಫ್ಟ್‌ವೇರ್ ಆಗಿ ರೀಪರ್ ಸಾಕು. 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು, ಆಮೇಲೆ ವೈಯಕ್ತಿಕ ಲೈಸೆನ್ಸಿಗೆ 60 ಡಾಲರ್. ವಾದ್ಯಗಳಿಗೆ ಬಿಬಿಸಿ ಸಿಂಫನಿ ಆರ್ಕೆಸ್ಟ್ರಾ ಡಿಸ್ಕವರ್ ಉಚಿತ, 16 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪಿನಲ್ಲಿ ಹಗುರವಾಗಿ ಓಡುತ್ತದೆ. ಸ್ವರಲಿಪಿ ಬರೆದೇ ರೂಢಿಯಿದ್ದವರಿಗೆ ಮ್ಯೂಸ್‌ಸ್ಕೋರ್ ಮತ್ತು ಅದರ ಉಚಿತ ಮ್ಯೂಸ್ ಸೌಂಡ್ಸ್ ಇವೆ. ದುಬಾರಿ ಲೈಬ್ರರಿ (ರೆಕಾರ್ಡ್ ಮಾಡಿಟ್ಟ ವಾದ್ಯದನಿಗಳ ಸಂಗ್ರಹ) ಕೊಳ್ಳುವ ಮೊದಲು ಆ ದುಡ್ಡಿಗೆ ಒಬ್ಬ ಸಿತಾರದವರು, ನಾಲ್ವರು ಡೊಳ್ಳಿನವರು ಬರುತ್ತಾರೆಯೇ ಲೆಕ್ಕ ಹಾಕಿ. ಬರುತ್ತಾರೆ ಎಂದಾದರೆ ಲೈಬ್ರರಿ ಮುಂದಿನ ವರ್ಷಕ್ಕಿರಲಿ. ಅದೇ ಲೈಬ್ರರಿ ಜಗತ್ತಿನ ಸಾವಿರಾರು ಜನರ ಬಳಿ ಇದೆ, ಹಾವೇರಿಯ ಡೊಳ್ಳು ಅವರ ಬಳಿ ಇಲ್ಲ.

ಉಚಿತ ಲೈಬ್ರರಿ ಪೀಪಿಯಂತೆ ಕೇಳುತ್ತದೆ ಎಂದು ದೂರುವವರ ಪ್ರಾಜೆಕ್ಟ್ ತೆರೆದು ನೋಡಿದರೆ ಒಂದೇ ರೋಗ: ಮಾಡ್ ವೀಲ್ (ಮಿಡಿ ಕೀಬೋರ್ಡಿನ ಚಕ್ರ) ಮುಟ್ಟಿರುವುದಿಲ್ಲ. ಉದ್ದ ಸ್ವರಗಳ ಜೋರನ್ನು ಆಳುವುದು ಕೀ ಒತ್ತಿದ ರಭಸವಲ್ಲ, ಆ ಚಕ್ರ ಕಳಿಸುವ ಮಿಡಿಯ ಸೂಚನೆ ಸಿಸಿ 1. ಅದರ ಅಳತೆ 0ರಿಂದ 127. ಒಂದು ಸಾಲು ಶುರುವಾಗುವಾಗ 45ರ ಸುತ್ತ, ಸಾಲಿನ ನೆತ್ತಿಯಲ್ಲಿ 85, ಇಳಿಯುವಾಗ 50. ಇದನ್ನು ಮೌಸಿನಿಂದ ಗೆರೆ ಎಳೆದು ಮಾಡಬೇಡಿ, ಹಾಡಿಕೊಳ್ಳುತ್ತ ಕೈಯಿಂದ ಚಕ್ರ ತಿರುಗಿಸಿ ರೆಕಾರ್ಡ್ ಮಾಡಿ. ಸಿಸಿ 11 (ಎಕ್ಸ್‌ಪ್ರೆಶನ್) ಆಮೇಲೆ ಸಣ್ಣ ತಿದ್ದುಪಡಿಗೆ.

ಎರಡನೆಯ ರೋಗ ಜನ ಹೆಚ್ಚಾಗುವುದು. ಹದಿನಾಲ್ಕು ಜನರ ವಯೊಲಿನ್ ಪ್ಯಾಚಿನಲ್ಲಿ (ಲೈಬ್ರರಿಯ ಒಂದು ದನಿಯಲ್ಲಿ) ಮೂರು ಸ್ವರದ ಕಾರ್ಡ್ ಒತ್ತಿದರೆ ನುಡಿಸುವವರು ನಲವತ್ತೆರಡು ಜನರಾಗುತ್ತಾರೆ, ಅಷ್ಟು ಜನ ಯಾವ ಆರ್ಕೆಸ್ಟ್ರಾದಲ್ಲೂ ಮೊದಲ ವಯೊಲಿನ್ನಿಗೆ ಕೂರುವುದಿಲ್ಲ. ಒಂದೊಂದು ಸ್ವರವನ್ನು ಒಂದೊಂದು ವಿಭಾಗಕ್ಕೆ ಹಂಚಿ: ಮೇಲಿನದು ಮೊದಲ ವಯೊಲಿನ್, ನಡುವಿನದು ಎರಡನೆಯದು, ಕೆಳಗಿನದು ವಿಯೋಲ. ಚೆಲ್ಲೋ ಮತ್ತು ಬಾಸ್‌ಗೆ ಸಪ್ತಕ ಮತ್ತು ಪಂಚಮದ ಅಂತರ ಮಾತ್ರ. ನಡು ಸಿ ಗಿಂತ ಒಂದು ಸಪ್ತಕ ಕೆಳಗೆ ಗಾಂಧಾರ ಸೇರಿಸಿ ಕಾರ್ಡ್ ಕಟ್ಟಿದರೆ ಬರೀ ರಾಡಿ.

ಲೆಗಾಟೋ (ಸ್ವರದಿಂದ ಸ್ವರಕ್ಕೆ ಬಿಡದೆ ಸಾಗುವ) ಪ್ಯಾಚ್‌ಗಳು ಕೀ ಒತ್ತಿದ ಮೇಲೆ 100 ಮಿಲಿಸೆಕೆಂಡ್ ಅಥವಾ ಇನ್ನೂ ತಡವಾಗಿ ಬಾಯಿಬಿಡುತ್ತವೆ. ಗ್ರಿಡ್ಡಿಗೆ ಅಂಟಿಸಿ ಇಟ್ಟರೆ ವಯೊಲಿನ್ನಿನವರು ಸದಾ ತಡವಾಗಿ ಬಂದಂತೆ ಕೇಳುತ್ತದೆ. ಆ ಟ್ರ್ಯಾಕ್ ಅಷ್ಟೇ ಮುಂಚೆ ಶುರುವಾಗುವಂತೆ ಮೈನಸ್ ಡಿಲೇ ಕೊಡಿ, ಕಿವಿಯಿಂದ ಹೊಂದಿಸಿ. ಸಣ್ಣ ಸ್ವರಗಳ ಪ್ಯಾಚಿಗೆ ಅಷ್ಟು ಬೇಕಾಗುವುದಿಲ್ಲ, ಹಾಗಾಗಿ ಎರಡನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿಡಿ.

ಊರಿನ ವಾದ್ಯಗಳ ರೆಕಾರ್ಡಿಂಗ್

ಆಲ್ಬಮ್ಮಿನ ಜೀವ ಇಲ್ಲಿದೆ, ಸಮಯವನ್ನೂ ಇಲ್ಲೇ ಸುರಿಯಿರಿ.

ಕೋಣೆ ಮೊದಲು. ಜೂನ್‌ನಿಂದ ಆಗಸ್ಟ್‌ವರೆಗೆ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಹಂಚಿನ ಮನೆ, ತಗಡಿನ ಮನೆ ಎರಡೂ ರೆಕಾರ್ಡಿಂಗಿಗೆ ಬಾರವು. ಆರ್‌ಸಿಸಿ ಮನೆಯ ಒಳಕೋಣೆ ಹುಡುಕಿ. ಗೋಡೆಗೆ ಎರಡು ಪದರ ಕೌದಿಯನ್ನು ಹಗ್ಗಕ್ಕೆ ಇಳಿಬಿಡಿ, ಗೋಡೆಗೆ ಅಂಟಿಸದೆ ಒಂದು ಗೇಣು ಬಿಟ್ಟು. ಕೌದಿ ಮೇಲಿನ ಸ್ವರಗಳ ಮಾರ್ದನಿಯನ್ನು ಚೆನ್ನಾಗಿ ನುಂಗುತ್ತದೆ, ಕೆಳಗಿನ ಗುಂಯ್‌ಗೆ ಅದರಿಂದ ಏನೂ ಆಗದು. ಅದಕ್ಕೆ ಮೂಲೆಯಿಂದ ಮೈಕ್ ದೂರವಿಡುವುದೇ ಉಪಾಯ. ಫ್ಯಾನ್ ಬಂದ್, ಫ್ರಿಜ್ ಬಂದ್. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ರೆಕಾರ್ಡ್ ಮಾಡಿ. 50 ಹರ್ಟ್ಸ್‌ನ ಜೋಂಯ್ ಸದ್ದು ಅರ್ಧದಷ್ಟು ಸಲ ಚಾರ್ಜರ್ ಕಿತ್ತರೇ ಹೋಗುತ್ತದೆ. ಕರೆಂಟ್ ಹೋದರೂ ಟೇಕ್ ಉಳಿಯುತ್ತದೆ, ಅದು ಮೇಲಿನ ಲಾಭ.

ಸಿತಾರಕ್ಕೆ ಸಣ್ಣ ಡಯಾಫ್ರಮ್ಮಿನ ಕಂಡೆನ್ಸರ್ ಮೈಕ್ ಒಂದು, ಒಂದರಿಂದ ಒಂದೂವರೆ ಅಡಿ ದೂರದಲ್ಲಿ, ದಂಡಿಗೆಯು ತುಂಬಾಕ್ಕೆ (ಬುರುಡೆಗೆ) ಸೇರುವ ಜಾಗದತ್ತ ಮುಖ ಮಾಡಿ. ಕುದುರೆಗೆ (ತಂತಿಗಳನ್ನು ಹೊರುವ ಪಟ್ಟಿಗೆ) ನೇರವಾಗಿ ಹಿಡಿದರೆ ಜವಾರಿ ಕೀರಲಾಗುತ್ತದೆ. ನಿಜವಾದ ತೊಡಕು ತರಬ್ ತಂತಿಗಳದು, ಅಂದರೆ ಮುಖ್ಯ ತಂತಿಯ ಜೊತೆ ತಾವಾಗಿಯೇ ಮಿಡಿಯುವ ತಂತಿಗಳದು. ಅವನ್ನು ರಾಗಕ್ಕೆ ತಕ್ಕಂತೆ ಶ್ರುತಿ ಕೂಡಿಸಿರಬೇಕು, ರಾಗ ಬದಲಾದರೆ ಮತ್ತೆ ಕೂಡಿಸಲು ಹದಿನೈದು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಕೀರವಾಣಿಯ ಹಾಡುಗಳನ್ನೆಲ್ಲ ಒಟ್ಟಿಗೆ, ಚಾರುಕೇಶಿಯವನ್ನೆಲ್ಲ ಒಟ್ಟಿಗೆ ಮುಗಿಸಿ, ಆಲ್ಬಮ್ಮಿನ ಕ್ರಮಕ್ಕೆ ಜೋತುಬೀಳಬೇಡಿ. ಶ್ರುತಿಗೆ ತಾನಪುರ ಆ್ಯಪ್ ಇಡುವುದಾದರೆ ಅದರ ಎ ಸ್ವರವನ್ನು 440 ಹರ್ಟ್ಸ್‌ಗೆ ಹೊಂದಿಸಿದ್ದೀರಾ ನೋಡಿ. ಇಲ್ಲದಿದ್ದರೆ ಸಿತಾರ ಒಂದು ಕಡೆ, ಚೆಲ್ಲೋ ಇನ್ನೊಂದು ಕಡೆ. ಪ್ರತಿ ಟೇಕ್ ಆದ ಮೇಲೂ ಟ್ಯೂನರ್ ನೋಡಿ, ತೇವದ ಗಾಳಿಯಲ್ಲಿ ತಂತಿ ಇಳಿಯುತ್ತಲೇ ಇರುತ್ತದೆ.

ಕಲಾವಿದರಿಗೆ ಕೊಡಬೇಕಾದ್ದು ಪಾಶ್ಚಾತ್ಯ ಸ್ವರಲಿಪಿಯಲ್ಲ. ಹಾಡಿನ ವೇಗ, ತಾಳದ ಮಾತ್ರೆ, ಸ್ವರಗಳನ್ನು ಭಾತಖಂಡೆ ಲಿಪಿಯಲ್ಲಿ (ಹಿಂದೂಸ್ತಾನಿ ಸ್ವರಲಿಪಿ) ಬರೆದ ಒಂದು ಹಾಳೆ, ಜೊತೆಗೆ ಎರಡು ಆಡಿಯೋ ಫೈಲ್: ಒಂದರಲ್ಲಿ ಅವರ ಸಾಲು ಕೊಳಲಿನ ದನಿಯಲ್ಲಿ ಜೋರಾಗಿ, ಇನ್ನೊಂದರಲ್ಲಿ ಆ ಸಾಲು ಇಲ್ಲದೆ ಬರೀ ಹಿನ್ನೆಲೆ. ಮೂರು ದಿನ ಮುಂಚೆ ವಾಟ್ಸಾಪಿನಲ್ಲಿ ಕಳಿಸಿ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದ ಕಲಾವಿದರಲ್ಲಿ ದೃಷ್ಟಿಯಿಲ್ಲದವರು ಅನೇಕರಿದ್ದಾರೆ. ಅವರಿಗೆ ಹಾಳೆ ಬೇಡ, ಹಾಡಿನ ನಕ್ಷೆಯನ್ನು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿದ ಮೂರನೆಯ ಫೈಲ್ ಸೇರಿಸಿ: ‘ಎಂಟು ಆವರ್ತ ಸುಮ್ಮನಿರಬೇಕು, ಒಂಬತ್ತನೆಯದರ ಸಮ್‌ಗೆ ಬರಬೇಕು’ (ಸಮ್ ಎಂದರೆ ತಾಳದ ಮೊದಲ ಮಾತ್ರೆ). ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಕ್ಲಿಕ್ಕಿಗಿಂತ ತಬಲಾದ ಠೇಕಾ ಹಾಕಿಕೊಡಿ, ಸಮ್ ಎಲ್ಲಿದೆ ಎಂಬ ಗೊಂದಲವೇ ಬರುವುದಿಲ್ಲ. ಟೇಕ್ ಚೆನ್ನಾಗಿ ಬಂದರೂ ‘ಗುರುಗಳೇ, ಇದೇ ಥರ ಇನ್ನೊಂದು ಸಲ ನುಡಸ್ರಿ’ ಎಂದು ಕೇಳಿ. ನಿಮ್ಮ ಲೂಪಿನಲ್ಲಿ ಎರಡನೆಯ ಸುತ್ತಿಗೆ ಬೇರೆ ಟೇಕ್ ಹಾಕಿದರೆ ಆಟಗಾರನಿಗೆ ಬೇಗ ಬೇಜಾರಾಗುವುದಿಲ್ಲ.

ಚರ್ಮವಾದ್ಯಗಳದು ಇನ್ನೊಂದೇ ಲೋಕ. ಹೋಳಿಯಲ್ಲಿ ಹುಬ್ಬಳ್ಳಿಯನ್ನು ನಡುಗಿಸುವ ಜಗ್ಗಲಗಿ, ಡೊಳ್ಳು, ಹಲಗಿ ಇವು ಮೂರಿದ್ದರೆ ಕಾಳಗದ ಹಾಡಿಗೆ ಸಿನಿಮಾ ಡ್ರಮ್ಮಿನ ಲೈಬ್ರರಿ ಬೇಡ. ಆದರೆ ಹತ್ತು ಬೈ ಹತ್ತರ ಕೋಣೆಯಲ್ಲಿ ಜಗ್ಗಲಗಿ ಬಾರಿಸಿದರೆ ಕೇಳುವುದು ವಾದ್ಯವಲ್ಲ, ಕೋಣೆ. ಮದುವೆಯಿಲ್ಲದ ದಿನ ಕಲ್ಯಾಣ ಮಂಟಪ ಬಾಡಿಗೆಗೆ ಹಿಡಿಯಿರಿ, ಇಲ್ಲವೇ ಊರಾಚೆಯ ಬಯಲಿಗೆ ಹೋಗಿ. ಮಂಟಪದಲ್ಲಿ ದೊಡ್ಡ ಗುಂಗು ಸಿಗುತ್ತದೆ, ಅದನ್ನು ಆಮೇಲೆ ತೆಗೆಯಲಾಗದು. ಬಯಲಿನಲ್ಲಿ ಸದ್ದು ಒಣ, ಬೇಕಾದ ಹಾಲ್ ಆಮೇಲೆ ಹಾಕಬಹುದು, ಆದರೆ ಗಾಳಿಗೆ ಮೈಕಿನ ಮೇಲೆ ತುಪ್ಪಳದ ಮುಸುಕು ಬೇಕೇ ಬೇಕು. ಪ್ರತಿ ವಾದ್ಯಕ್ಕೆ ಎರಡು ಅಡಿ ದೂರದಲ್ಲಿ ಒಂದು ಡೈನಾಮಿಕ್ ಮೈಕ್, ಇಡೀ ಮೇಳಕ್ಕೆ ಹತ್ತು ಅಡಿ ದೂರದಲ್ಲಿ ಒಂದು ಜೋಡಿ ಕಂಡೆನ್ಸರ್. ಕಂಡೆನ್ಸರಿನಲ್ಲಿ ಜೋರು ಸದ್ದನ್ನು ತಗ್ಗಿಸುವ ಪ್ಯಾಡ್ ಸ್ವಿಚ್ ಇದ್ದರೆ ಹಾಕಿ. ತಾಲೀಮಿನಲ್ಲಿ ಮೀಟರ್ ಮೈನಸ್ 12 ಡೆಸಿಬೆಲ್ ತೋರಿಸಿದರೆ ಸರಿ, ಏಕೆಂದರೆ ಟೇಕಿನಲ್ಲಿ ಹುರುಪು ಬಂದು ಅದು ಮೈನಸ್ 6 ದಾಟುವುದು ಖಂಡಿತ.

ಹಲಗಿಯನ್ನು ಬಾರಿಸುವ ಮೊದಲು ಬೆಂಕಿಗೆ ಕಾಯಿಸುತ್ತಾರೆ. ಕಾದಾಗ ದನಿ ಏರುತ್ತದೆ, ಆರುತ್ತ ಬಂದಂತೆ ಇಳಿಯುತ್ತದೆ. ಮೊದಲ ಟೇಕಿನ ತಲೆ, ಐದನೆಯ ಟೇಕಿನ ಬಾಲ ಕೂಡಿಸಿದರೆ ನಡುವೆ ಬಿರುಕು ಕೇಳುವುದು ಅದಕ್ಕೇ. ಪ್ರತಿ ಎರಡು ಟೇಕಿಗೊಮ್ಮೆ ಕಾಯಿಸಲು ಬಿಡುವು ಕೊಡಿ. ಬೆಂಕಿ ಮೈಕಿನಿಂದ ದೂರವಿರಲಿ, ಚಟಪಟ ಸದ್ದೂ ರೆಕಾರ್ಡ್ ಆಗುತ್ತದೆ. ಹಾಡಿನ ಟೇಕ್‌ಗಳು ಮುಗಿದ ಮೇಲೆ ಮೇಳದವರು ಹೊರಡುವ ಮುನ್ನ ಬಿಡಿ ಏಟುಗಳನ್ನು ತೆಗೆದುಕೊಳ್ಳಿ: ಮೆಲ್ಲಗೆ, ನಡುವೆ, ಜೋರಾಗಿ, ಒಂದೊಂದಕ್ಕೂ ಆರು ಏಟು, ಪ್ರತಿ ಏಟು ಪೂರ್ತಿ ಅಡಗುವ ತನಕ ಯಾರೂ ಅಲುಗಬಾರದು. ಕಂಪ್ಯೂಟರಿನಲ್ಲಿ ಇವೇ ನಿಮ್ಮ ಸ್ವಂತ ಡ್ರಮ್ ಲೈಬ್ರರಿ. ಆರು ಬೇಕು ಏಕೆಂದರೆ ಒಂದೇ ಏಟನ್ನು ಮತ್ತೆ ಮತ್ತೆ ಬಳಸಿದರೆ ಮಷಿನ್ ಗನ್ ಸದ್ದು ಬರುತ್ತದೆ.

ಕೋರಸ್ ಬೇಕೆಂದರೆ ನಾಲ್ಕು ದನಿಯಲ್ಲಿ ಹಾಡುವ ರೂಢಿಯಿರುವ ಚರ್ಚಿನ ಗಾಯನ ತಂಡವನ್ನು ವಿಚಾರಿಸಿ. ಎಂಟು ಜನ ಸಾಕು. ಒಂದೇ ಸಾಲನ್ನು ನಾಲ್ಕು ಸಲ ಹಾಡಿಸಿ, ಪ್ರತಿ ಸಲ ಅವರ ಜಾಗ ಅದಲುಬದಲು ಮಾಡಿ, ಒಂದರ ಮೇಲೊಂದು ಪೇರಿಸಿ. ಜಾಗ ಬದಲಿಸದಿದ್ದರೆ ಮೂವತ್ತೆರಡು ಜನರ ಬದಲು ಎಂಟೇ ಜನ ದಪ್ಪಗಾದಂತೆ ಕೇಳುತ್ತದೆ. ಸಾಹಿತ್ಯಕ್ಕೆ ಲ್ಯಾಟಿನ್ ಹುಡುಕಿಕೊಂಡು ಹೋಗಬೇಡಿ. ಹಳಗನ್ನಡದ ಪದಗಳನ್ನು ಒಡೆದು ಬಳಸಿ, ‘ಆ’, ‘ಓ’ ಸ್ವರದ ಪದಗಳು ಉದ್ದ ಸ್ವರಕ್ಕೆ ಬರಲಿ. ‘ಇ’ ಮೇಲಿನ ಸ್ಥಾಯಿಯಲ್ಲಿ ಹಿಂಡಿದಂತಾಗುತ್ತದೆ.

ನಿಜವಾದ ತಂತಿ ವಾದ್ಯಗಳ ಮೇಳ ಬೇಕೆನ್ನುವವರಿಗೆ ಬುಡಾಪೆಸ್ಟ್, ಪ್ರಾಗ್, ಸ್ಕೋಪ್ಯೆಯ ಆರ್ಕೆಸ್ಟ್ರಾಗಳು ಇಂಟರ್ನೆಟ್ ಮೂಲಕವೇ ನುಡಿಸಿ ಕೊಡುತ್ತವೆ. ನೀವು ಇಲ್ಲಿ ಕೂತು ಕೇಳುತ್ತ ಸೂಚನೆ ಕೊಡಬಹುದು. ಚಳಿಗಾಲದಲ್ಲಿ ಅವರ ಬೆಳಗಿನ ಹತ್ತು ನಮಗೆ ಮಧ್ಯಾಹ್ನ ಎರಡೂವರೆ. ಅಂದು ಕರೆಂಟ್, ನೆಟ್ ಎರಡಕ್ಕೂ ಬದಲಿ ವ್ಯವಸ್ಥೆ ಇಟ್ಟುಕೊಳ್ಳಿ. ಒಂದು ತಾಸಿಗೆ ಮೂರು ನಾಲ್ಕು ನಿಮಿಷದ ಸಂಗೀತಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ. ಹಾಗಾಗಿ ಆಲ್ಬಂ ಪೂರ್ತಿ ಬೇಡ, ಮುಖ್ಯ ಥೀಮ್ ಮತ್ತು ಕ್ರೆಡಿಟ್ಸಿಗೆ ಸಾಕು.

ಲೇಯರ್, ಲೂಪ್, ರೆಂಡರ್

ಪ್ರತಿ ಹಾಡನ್ನು ನಾಲ್ಕು ಲೇಯರ್ ಮಾಡಿ: ಒಂದು, ತಂತಿಗಳ ಷಡ್ಜ-ಪಂಚಮದ ಹಾಸು. ಎರಡು, ಥೀಮ್. ಮೂರು, ಹಗುರ ತಾಳ. ನಾಲ್ಕು, ಜಗ್ಗಲಗಿ ಮತ್ತು ಹಿತ್ತಾಳೆ ವಾದ್ಯಗಳು. ಒಂದೊಂದು ಲೇಯರಿಗೂ ಅದರದೇ ರಿವರ್ಬ್ (ಹಾಲಿನ ಗುಂಗು ಕೊಡುವ ಪ್ಲಗಿನ್) ಇರಲಿ, ಸೆಟ್ಟಿಂಗ್ ಮಾತ್ರ ಎಲ್ಲಕ್ಕೂ ಒಂದೇ: ಸುಮಾರು 2 ಸೆಕೆಂಡಿನ ಹಾಲ್. ಎಲ್ಲಕ್ಕೂ ಸೇರಿ ಒಂದೇ ರಿವರ್ಬ್ ಇಟ್ಟರೆ ಬಿಡಿಬಿಡಿಯಾಗಿ ರೆಂಡರ್ ಮಾಡುವಾಗ (ಆಡಿಯೋ ಫೈಲಾಗಿ ತೆಗೆಯುವಾಗ) ಗುಂಗು ಒಂದೋ ಕಳೆದುಹೋಗುತ್ತದೆ, ಇಲ್ಲವೇ ಎರಡು ಸಲ ಬರುತ್ತದೆ. ಮಾಸ್ಟರಿನ ಲಿಮಿಟರ್ (ಸದ್ದಿನ ನೆತ್ತಿ ಒತ್ತುವ ಪ್ಲಗಿನ್) ತೆಗೆದೇ ಲೇಯರ್ ರೆಂಡರ್ ಮಾಡಿ. ಲಿಮಿಟರ್ ಇದ್ದರೆ ಗೇಮಿನಲ್ಲಿ ನಾಲ್ಕೂ ಕೂಡಿದಾಗ ನೀವು ಕೇಳಿದ ಮಿಕ್ಸ್ ಆಗಿರುವುದಿಲ್ಲ. ಕೋಣೆಯಲ್ಲಿ ರೆಕಾರ್ಡ್ ಮಾಡಿದ ಸಿತಾರ ಆರ್ಕೆಸ್ಟ್ರಾದ ಮುಂದೆ ಕೂತಂತಿರಲು ಅದರ ರಿವರ್ಬಿಗೆ ಮಾತ್ರ 25 ಮಿಲಿಸೆಕೆಂಡ್ ಪ್ರಿ-ಡಿಲೇ (ಗುಂಗು ಶುರುವಾಗುವ ಮುನ್ನದ ತಡ) ಕೊಡಿ, ಹಿಂದಿನ ಸಾಲಿನ ಜಗ್ಗಲಗಿಗೆ ಹತ್ತಿರ ಹತ್ತಿರ ಸೊನ್ನೆ.

ಲೂಪ್ ಸೇರುವಾಗ ಕೊನೆಯ ಸ್ವರದ ಗುಂಗು ತಟ್ಟನೆ ಕತ್ತರಿಸಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಉಪಾಯ ಸರಳ: ಲೂಪನ್ನು ಎರಡು ಸಲ ಸಾಲಾಗಿ ಇಟ್ಟು ಒಟ್ಟಿಗೆ ರೆಂಡರ್ ಮಾಡಿ, ಎರಡನೆಯ ಸುತ್ತನ್ನು ಮಾತ್ರ ಕತ್ತರಿಸಿಕೊಳ್ಳಿ. ಮೊದಲ ಸುತ್ತಿನ ಗುಂಗು ಎರಡನೆಯದರ ತಲೆಯ ಮೇಲೆ ಆಗಲೇ ಕೂತಿರುತ್ತದೆ. 90ರ ವೇಗದಲ್ಲಿ ನಾಲ್ಕು ಮಾತ್ರೆಯ 36 ಬಾರ್ ಎಂದರೆ 96 ಸೆಕೆಂಡ್, 46,08,000 ಸ್ಯಾಂಪಲ್. ಕತ್ತರಿಸಿದ ಫೈಲ್ ಅಷ್ಟೇ ಇದೆಯೇ ನೋಡಿ. ಗೇಮಿಗೆ ವೇವ್ (.wav) ಅಥವಾ ಆಗ್ (.ogg) ಫೈಲ್ ಕೊಡಿ. ಎಂಪಿ3 ಬೇಡ, ಅದರ ಎನ್‌ಕೋಡರ್ ಫೈಲಿನ ಎರಡೂ ತುದಿಗೆ ಮೌನದ ಚೂರು ಸೇರಿಸುತ್ತದೆ, ಲೂಪ್ ಬಿಕ್ಕಳಿಸುತ್ತದೆ. ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಲಿ, ಜಾಗ ಬಿಡದೆ: ಸ್ಥಳ, ವೇಗ, ಶ್ರುತಿ, ಲೇಯರ್ ಸಂಖ್ಯೆ, ಆವೃತ್ತಿ, ಈ ಕ್ರಮದಲ್ಲಿ.

ಆಲ್ಬಂ ಕಟ್ಟುವುದು

ಈಗ ಅದೇ ಲೇಯರುಗಳಿಂದ ಆಲ್ಬಂ ರೂಪ. ಮೇಲಿನ ಹಾಡನ್ನೇ ತೆಗೆದುಕೊಂಡರೆ: 8 ಬಾರಿನ ಪೀಠಿಕೆ, 21 ಸೆಕೆಂಡ್. ಲೂಪ್ ಎರಡು ಸುತ್ತು, ಮೊದಲನೆಯದು ಲೇಯರ್ ಒಂದರಿಂದ ಮೂರು, ಎರಡನೆಯದಕ್ಕೆ ನಾಲ್ಕನೆಯದೂ ಸೇರಿ, ಒಟ್ಟು 192 ಸೆಕೆಂಡ್. ಹೊಸದಾಗಿ ಬರೆದ 4 ಬಾರಿನ ಮುಕ್ತಾಯ ಸುಮಾರು 11 ಸೆಕೆಂಡ್, ಗುಂಗಿಗೆ 5. ಒಟ್ಟು ಮೂರು ನಿಮಿಷ 49 ಸೆಕೆಂಡ್. ಮುಕ್ತಾಯ ಬರೆಯುವ ಬದಲು ಫೇಡ್ ಔಟ್ ಮಾಡುವವರಿದ್ದಾರೆ. ಅದು ಸೋಮಾರಿತನ, ಕೇಳುವವರಿಗೆ ಗೊತ್ತಾಗುತ್ತದೆ. ಒಂದು ನಿಮಿಷದೊಳಗಿನ ತುಣುಕುಗಳನ್ನು ಬಿಡಿಯಾಗಿ ಹಾಕದೆ, ಒಂದೇ ಶ್ರುತಿಯ ಮೂರ್ನಾಲ್ಕನ್ನು ಸೇರಿಸಿ ಒಂದು ಹಾಡು ಮಾಡಿ. ಹಾಡುಗಳ ಹೆಸರಿನಲ್ಲಿ ಕೊನೆಯ ಶತ್ರು ಯಾರೆಂದು ಬಿಟ್ಟುಕೊಡಬೇಡಿ, ಆಟ ಮುಗಿಸದವರೂ ಆಲ್ಬಂ ಪಟ್ಟಿ ನೋಡುತ್ತಾರೆ.

ಮಾಸ್ಟರಿಂಗಿನಲ್ಲಿ ಎಲ್ಲ ಹಾಡನ್ನೂ ಒಂದೇ ಜೋರಿಗೆ ತರುವ ಚಟ ಬಿಡಿ. ಸ್ಪಾಟಿಫೈ ಮೈನಸ್ 14 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಕೇಳುವ ಜೋರಿನ ಅಳತೆ), ಆ್ಯಪಲ್ ಮ್ಯೂಸಿಕ್ ಮೈನಸ್ 16ಕ್ಕೆ ತಂದುಕೊಳ್ಳುತ್ತವೆ. ಅದಕ್ಕಿಂತ ಜೋರಾಗಿ ಹಿಂಡಿದರೆ ಅವರು ಇಳಿಸುತ್ತಾರೆ, ಹಿಂಡಿದ ಗಾಯ ಮಾತ್ರ ಉಳಿಯುತ್ತದೆ. ದೊಡ್ಡ ಕಾಳಗ ಮೈನಸ್ 14ರ ಹತ್ತಿರ, ಊರಿನ ಸಂಜೆಯ ಹಾಡು ಮೈನಸ್ 20ರ ಸುತ್ತ ಇರಲಿ, ಟ್ರೂ ಪೀಕ್ (ಸದ್ದಿನ ಅಲೆಯ ನಿಜವಾದ ನೆತ್ತಿ) ಮೈನಸ್ 1 ಡೆಸಿಬೆಲ್ ದಾಟದಿರಲಿ. ಆಲ್ಬಮ್ಮಾಗಿ ಕೇಳುವಾಗ ಹಾಡುಗಳ ನಡುವಿನ ಏರಿಳಿತ ಹಾಗೇ ಉಳಿಯುತ್ತದೆ. ಗೇಮಿನ ಲೆಕ್ಕ ಬೇರೆ: ಮನೆಯ ಕನ್ಸೋಲಿಗೆ ಇಡೀ ಆಟದ ಸದ್ದು ಮೈನಸ್ 24ರ ಆಸುಪಾಸಿನಲ್ಲಿರಬೇಕು ಎಂಬುದು ಸೋನಿಯ ಶಿಫಾರಸು. ಆಲ್ಬಮ್ಮಿನ ಮಾಸ್ಟರನ್ನು ಗೇಮಿಗೆ ಹಾಕಿದರೆ ಮಾತುಗಳೆಲ್ಲ ಮುಳುಗುತ್ತವೆ.

ಕಾಗದ ಮತ್ತು ಬಿಡುಗಡೆ

ನಮ್ಮ ಕಡೆ ಕಲಾವಿದರಿಗೆ ಸಂಭಾವನೆಯನ್ನು ಲಕೋಟೆಯಲ್ಲಿಟ್ಟು ಕೈಮುಗಿದು ಕೊಡುವುದು ವಾಡಿಕೆ. ಅದನ್ನು ಬಿಡಬೇಡಿ, ಆದರೆ ರೆಕಾರ್ಡಿಂಗಿಗೆ ಮುಂಚೆಯೇ ಒಂದು ಹಾಳೆ ಕನ್ನಡದಲ್ಲಿ ಬರೆದು ಓದಿ ಹೇಳಿ ಸಹಿ ಮಾಡಿಸಿ: ಗೇಮ್, ಆಲ್ಬಂ, ಜಾಹೀರಾತು ಮೂರರಲ್ಲೂ ಬಳಸಲು ಒಪ್ಪಿಗೆ, ಮೊತ್ತ, ಕ್ರೆಡಿಟ್ಸಿನಲ್ಲಿ ಹೆಸರು ಹೇಗೆ ಬರಬೇಕು. ಗೇಮ್ ಕಂಪನಿಯ ಜೊತೆಗಿನ ಒಪ್ಪಂದದಲ್ಲಿ ಅವಧಿ ಮತ್ತು ಪ್ರದೇಶ ಎರಡನ್ನೂ ಬರೆಸುವುದು ಮುಖ್ಯ. 1957ರ ಕಾಪಿರೈಟ್ ಕಾಯ್ದೆಯ 19ನೇ ಕಲಂ ಪ್ರಕಾರ ಹಕ್ಕು ವರ್ಗಾವಣೆಯಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತದೊಳಗೆ ಮಾತ್ರ ಎಂದಾಗುತ್ತದೆ. ಜಗತ್ತಿನಾದ್ಯಂತ ಮಾರುವ ಗೇಮಿಗೆ ಇದು ಎರಡೂ ಕಡೆಯವರಿಗೆ ಇಕ್ಕಟ್ಟು. ಆಲ್ಬಂ ಮಾರುವ ಹಕ್ಕು ನಿಮ್ಮಲ್ಲೇ ಉಳಿಯುತ್ತದೆಯೇ, ಅವರಿಗೆ ಹೋಗುತ್ತದೆಯೇ ಎಂಬುದಕ್ಕೆ ಪ್ರತ್ಯೇಕ ಸಾಲು ಬೇಕು.

ಟ್ಯಾಗ್‌ಗಳಲ್ಲಿ (ಫೈಲಿನೊಳಗೆ ಬರೆದಿಡುವ ಹಾಡು, ಕಲಾವಿದರ ಹೆಸರು) ಕನ್ನಡ ಧಾರಾಳವಾಗಿ ಹಾಕಿ, ಆದರೆ ಎಂಪಿ3ಗೆ ಐಡಿ3ಯ ಎರಡನೆಯ ಪೀಳಿಗೆಯ ಟ್ಯಾಗನ್ನೇ ಬಳಸಿ. ಮೊದಲ ಪೀಳಿಗೆಯದರಲ್ಲಿ ಕನ್ನಡ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ. ಫ್ಲ್ಯಾಕ್‌ನಲ್ಲಿ (ಗುಣ ಕಳೆಯದೆ ಕುಗ್ಗಿಸಿದ ಫೈಲ್) ಈ ಕಾಟವಿಲ್ಲ. ಮುಖಪುಟ 3000 ಬೈ 3000 ಪಿಕ್ಸೆಲ್, ಚೌಕ. ಫೋನಿನಲ್ಲಿ ಅದು ಹೆಬ್ಬೆರಳಿನಷ್ಟೇ ಕಾಣುತ್ತದೆ, ಹೆಸರು ಆ ಅಳತೆಯಲ್ಲೂ ಓದಲು ಬರಬೇಕು. ಸಂಗೀತ ಮಾರುವ ತಾಣ ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ ಶೇ. 15 ಹಿಡಿಯುತ್ತದೆ, ಮಾರಾಟ 5,000 ಡಾಲರ್ ದಾಟಿದರೆ ಶೇ. 10. ಗೇಮ್ ಮಾರುವ ತಾಣ ಸ್ಟೀಮ್ 2020ರಿಂದ ಸೌಂಡ್‌ಟ್ರ್ಯಾಕನ್ನು ಗೇಮ್ ಕೊಳ್ಳದವರಿಗೂ ಮಾರಲು ಬಿಡುತ್ತದೆ. ಅಲ್ಲಿ ಎಂಪಿ3 ಕಡ್ಡಾಯ, ಫ್ಲ್ಯಾಕ್ ಅಥವಾ ವೇವ್ ಜೊತೆಗೆ ಹಾಕಬಹುದು. ಎರಡೂ ಕಡೆ ಅಪ್‌ಲೋಡ್ ಆದ ಮೇಲೆ ನೀವೇ ಕೊಂಡು ಇಳಿಸಿಕೊಂಡು, ಕೊನೆಯ ಹಾಡಿನ ಗುಂಗು ಪೂರ್ತಿ ಇದೆಯೇ, ಹಾಡಿನ ಕ್ರಮ ಹತ್ತರ ನಂತರ ಎರಡಕ್ಕೆ ಹಾರಿಲ್ಲವೇ ನೋಡಿ. ಟ್ರ್ಯಾಕ್ ಸಂಖ್ಯೆಯನ್ನು 01, 02 ಎಂದೇ ಬರೆದಿದ್ದರೆ ಹಾರುವುದಿಲ್ಲ.